ಬಿಂಬೋಳ ಕೊನೆಯ ಸೀಸೆ

ಗಿಜೆಲ್ಲಾಳ ಹಸು ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ಆದರೂ ದಿನಾ ಬೆಳಿಗ್ಗೆ ಆರಕ್ಕೆ ಅವಳು ಅದಕ್ಕೆ ಉಣಿಸಲು ಬರುತ್ತಿದ್ದಳು.

ತಿಸಾ ನದಿಯ ಮೇಲಿನ ಮಂಜು ಆಗಿನ್ನೂ ಎದ್ದಿರುತ್ತಿರಲಿಲ್ಲ. ದಂಡೆಯ ಪಾಪ್ಲರ್ ಮರಗಳಿಗೆ ಬುಡವೇ ಇಲ್ಲ, ತಲೆ ಮಾತ್ರ ತೇಲುತ್ತಿವೆ ಎಂದು ಕಾಣುತ್ತಿತ್ತು. ಆ ಬಿಳುಪಿನೊಳಗಿಂದ ಮೊದಲು ಅವಳ ಸೈಕಲ್ಲಿನ ಕಿರುಗುಟ್ಟು, ಆಮೇಲೆ ನೀಲಿ ತಲೆವಸ್ತ್ರ, ಕಡೆಗೆ ಅವಳು. ನಾನು ಪ್ರಯೋಗಶಾಲೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ. ಅಲ್ಲಿ ಸೀಸೆ ತೊಳೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ತೊಳೆದೆ.

ಹಸುವಿನ ಹೆಸರು ಬಿಂಬೋ, ಮೊಗ್ಗು ಎಂದು ಅರ್ಥ. ಗಿಜೆಲ್ಲಾ ಆಗ ಸಹಕಾರಿ ಕೊಟ್ಟಿಗೆಯಲ್ಲಿ ಹಾಲು ಕರೆಯುವವಳು. ಎಪ್ಪತ್ತೈದರ ಚಳಿಗಾಲದಲ್ಲಿ ಬಿಂಬೋ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಿತು. ಕಾಲು ಮುರಿದ ಹಸುವಿಗೆ ಒಂದೇ ದಾರಿ. ಅದನ್ನು ಕಡಿದ ದಿನ ಊರಿನಿಂದ ಒಬ್ಬ ವಯಸ್ಸಾದ ಪ್ರೊಫೆಸರ್ ಬಂದು ಕೆಚ್ಚಲಿನಿಂದ ಹೆಬ್ಬೆರಳಿನಷ್ಟು ತುಂಡು ಕೇಳಿದರು. ಅದನ್ನು ಹಾಕಿದ್ದ ಸೀಸೆಯನ್ನು ಜೀಪಿನಲ್ಲಿ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಗಿಜೆಲ್ಲಾ ಹತ್ತಿ ಕುಳಿತಳು. ಹೊರಗೆ ಹಿಮ ಸುರಿಯುತ್ತಿತ್ತು. ಸೀಸೆಯನ್ನು ಕೋಟಿನೊಳಗೆ ಎದೆಗೆ ಒತ್ತಿ ಇಟ್ಟುಕೊಂಡಳಂತೆ. ಇಳಿದ ಮೇಲೆ ಕೊಡಲೇ ಇಲ್ಲವಂತೆ.

"ಇದಕ್ಕೆ ಇಲ್ಲಿ ಮೇವು ಹಾಕೋರು ಯಾರು?" ಎಂದು ಕೇಳಿದಳಂತೆ.

ಪ್ರೊಫೆಸರ್ ನಕ್ಕು, "ನೀನೇ ಹಾಕಮ್ಮ," ಎಂದರಂತೆ. ಅಷ್ಟೇ. ಅವಳು ಹಿಂದಿರುಗಿ ಹೋಗಲಿಲ್ಲ.

ಆ ತುಂಡಿನ ಜೀವಕೋಶಗಳು ಚಪ್ಪಟೆ ಸೀಸೆಗಳ ತಳಕ್ಕೆ ಅಂಟಿಕೊಂಡು, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇದ್ದವು. ಹಸುವಿನ ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಅವುಗಳ ವಾಸ. ಉಣಿಸು ಎಂದರೆ ಗುಲಾಬಿ ಬಣ್ಣದ ನೀರು. ಕೋಶಗಳು ಉಂಡ ಹಾಗೆಲ್ಲ ಅದು ಹಳದಿಗೆ ತಿರುಗುತ್ತಿತ್ತು. ಗಿಜೆಲ್ಲಾ ಹೊಸ ನೀರಿನ ಸೀಸೆಯನ್ನು ಮಣಿಕಟ್ಟಿನ ಒಳಗೆ ಒತ್ತಿ ಬಿಸಿ ನೋಡುವಳು, ಹಸುಗೂಸಿನ ಹಾಲಿಗೆ ನೋಡುವ ಹಾಗೆ. "ತಗೋ ಬಿಂಬೋ, ತಗೋ ನನ್ನಮ್ಮ," ಎನ್ನುವಳು. ಹೊಸದಾಗಿ ಓದಿ ಬಂದವರು ಮುಸಿಮುಸಿ ನಗುತ್ತಿದ್ದರು. ಆದರೆ ಅವರು ನೋಡಿಕೊಂಡ ಕೋಶಗಳು ಸಾಯುತ್ತಿದ್ದವು, ಅವಳವು ಸಾಯುತ್ತಿರಲಿಲ್ಲ.

ಒಮ್ಮೆ ನನ್ನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ನೆರೆ ಇಳಿದ ಮೇಲೆ ದಂಡೆಯ ಕೆಸರು ಒಣಗಿ ಹೆಂಚುಹೆಂಚಾಗಿ ಬಿರಿಯುತ್ತದಲ್ಲ, ಹಾಗೆ ಒಂದಕ್ಕೊಂದು ಒತ್ತಿಕೊಂಡಿದ್ದವು. ಆದರೆ ಒಳಗೆ ಬೆಳಕಿತ್ತು.

"ಮಲಗಿದ್ದಾಳೆ," ಎಂದು ಗಿಜೆಲ್ಲಾ ಪಿಸುಗುಟ್ಟಿದಳು.

ಬಿಂಬೋಳ ಊಟಕ್ಕೆ ಕರುವಿನ ರಕ್ತದಿಂದ ತೆಗೆದ ತಿಳಿಯನ್ನು ಬೆರೆಸುತ್ತಿದ್ದರು. ಅದನ್ನು ಕೊಡುತ್ತಿದ್ದ ಕಸಾಯಿಖಾನೆ ತೊಂಬತ್ತಮೂರರ ಶರತ್ಕಾಲದಲ್ಲಿ ಮುಚ್ಚಿತು. ಅದೇ ಚಳಿಗಾಲದಲ್ಲಿ ಇನ್ನೊಂದು ಕೇಡಾಯಿತು. ಬೀಜಕ್ಕೆಂದು ಕೋಶಗಳನ್ನು ಅತಿ ಶೀತದಲ್ಲಿ ಕಾದಿಟ್ಟಿದ್ದ ಪೀಪಾಯಿಯ ಶೀತದ್ರವ ಯಾರಿಗೂ ತಿಳಿಯದಂತೆ ಸೋರಿ ಒಣಗಿತು. ಬೀಜವೆಲ್ಲ ಹೋಯಿತು. ಬೆಚ್ಚನೆ ಪೆಟ್ಟಿಗೆಯ ಆರು ಸೀಸೆಗಳಲ್ಲಿ ಇದ್ದಷ್ಟೇ ಬಿಂಬೋ.

ಆಗ ಪ್ರಯೋಗಶಾಲೆ ನಡೆಸುತ್ತಿದ್ದ ನಮ್ಮ ಡಾಕ್ಟರ್ ವೆಂಡೆಲ್ ಹೊಸ ಊಟದ ಲೆಕ್ಕ ಹಾಕಿದರು. ರಕ್ತದ ತಿಳಿ ಬೇಡ, ಬದಲಿಗೆ ನಾಲ್ಕೈದು ಬಗೆಯ ಪುಡಿ. ಅದರಲ್ಲಿ ಮುಖ್ಯವಾದದ್ದು ಇನ್ಸುಲಿನ್.

ಆ ಹೆಸರು ಕೇಳಿ ನನ್ನ ಕೈಯಲ್ಲಿದ್ದ ಸೀಸೆ ಅಲ್ಲೇ ನಿಂತಿತು. ನನ್ನ ಗಂಡ ಆಂಬ್ರುಷ್ ಹದಿನೆಂಟು ವರ್ಷ ಬದುಕಿದ್ದು ಇನ್ಸುಲಿನ್ ಸೂಜಿಯ ಮೇಲೆ. ಆಗ ಅದು ಹಂದಿಯದು. ಊರಲ್ಲಿ ಹಂದಿ ಕಡಿಯುವ ಹಬ್ಬ ಬಂದರೆ ಆಂಬ್ರುಷ್ ಟೋಪಿ ತೆಗೆದು ಹಂದಿಗೆ, "ನಮಸ್ಕಾರ ಭಾವ, ನಿಮ್ಮ ಉಪಕಾರ ಮರೆಯೋ ಹಾಗಿಲ್ಲ," ಎಂದು ಕೈಮುಗಿಯುತ್ತಿದ್ದ. ಕೊನೆಯ ವರ್ಷ ಹೊಸ ಬಗೆಯದು ಬಂತು. ಅವನು ಹೋಗಿ ಆಗ ಎರಡು ವರ್ಷವಾಗಿತ್ತು.

"ಇದೂ ಹಂದೀದಾ ಡಾಕ್ಟ್ರೇ?" ಎಂದು ಗಿಜೆಲ್ಲಾ ಕೇಳಿದಳು.

"ಅಲ್ಲ ಗಿಜಿಯಮ್ಮ, ಮನುಷ್ಯರದು. ಆದ್ರೆ ಮನುಷ್ಯರಿಂದ ತೆಗೆದದ್ದಲ್ಲ. ಮಾಡೋ ವಿದ್ಯೆಯನ್ನ ಯೀಸ್ಟಿಗೆ ಕಲಿಸಿದ್ದಾರೆ."

"ಬ್ರೆಡ್ ಉಬ್ಬಿಸೋ ಯೀಸ್ಟಿಗಾ?"

"ಅದೇ."

ಗಿಜೆಲ್ಲಾ ಕಿರುಬೆರಳಿನಷ್ಟಿದ್ದ ಆ ಸೀಸೆಯನ್ನು ಬೆಳಕಿಗೆ ಹಿಡಿದಳು. ಒಳಗೆ ಜರಡಿ ಹಿಡಿದ ಸಕ್ಕರೆಯಂಥ ಬಿಳಿ ಪುಡಿ. ಚೀಟಿಯಲ್ಲಿ, ಪ್ರಯೋಗಶಾಲೆಗೆ ಮಾತ್ರ, ಮನುಷ್ಯರಿಗಲ್ಲ ಎಂದು ಬರೆದಿತ್ತು.

"ನೋಡೇ ತೆರೇಜ್," ಎಂದು ನನಗೆ ತೋರಿಸಿದಳು. "ಮನುಷ್ಯರದ್ದಂತೆ, ಮನುಷ್ಯರಿಗಲ್ಲವಂತೆ. ಬ್ರೆಡ್ಡಿನ ಯೀಸ್ಟು ಮಾಡಿದ್ದು, ತಿನ್ನೋಳು ಸತ್ತ ಹಸು. ಪಾದ್ರಿಗೆ ಹೇಳಿದ್ರೆ ತಲೆ ತಿರುಗಿ ಬೀಳ್ತಾನೆ."

ಡಾಕ್ಟರು ಎರಡು ವಾರ ತಾವೇ ನಿಂತು ಹೊಸ ಊಟ ರೂಢಿ ಮಾಡಿಸಿದರು. ಬಿಂಬೋ ಒಪ್ಪಿಕೊಂಡಳು. ಮಾರ್ಚ್ ನಡುವೆ ಅವರು ಪರದೇಶಕ್ಕೆ ಹೊರಟರು. ಈಸ್ಟರ್ ಮುಗಿದ ಮೇಲೆ ಬರುವುದು. "ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಕರಗಿಸ್ಕೊಳ್ಳಿ ಗಿಜಿಯಮ್ಮ," ಎಂದು ಹೇಳಿ ಹೋದರು.

ಅವಳು ಕರಗಿಸಿದ ದಿನ ನಾನಲ್ಲೇ ಇದ್ದೆ. ಬರೀ ನೀರಿಗೆ ಹಾಕಿದರೆ ಪುಡಿ ಕರಗದು, ನದಿಯ ಮಂಜಿನ ಹಾಗೆ ಬೆಳ್ಳಗೆ ತೇಲುತ್ತದೆ. ಆಮೇಲೆ ಒಂದೆರಡು ಹನಿ ಆಮ್ಲ ಬಿಟ್ಟಳು. ಮಂಜು ಎದ್ದು ಹೋಯಿತು. ಲೋಟದಲ್ಲಿ ಏನೂ ಇಲ್ಲವೇನೋ ಎಂಬಷ್ಟು ತಿಳಿ.

"ರೇತೆಶ್ ಹಿಟ್ಟಿಗೆ ವಿನಿಗರ್ ಬಿಟ್ಟ ಹಾಗೆ ಕಣೇ," ಎಂದಳು. ಸೇಬು ತುಂಬಿದ ಸುರುಳಿ ಸಿಹಿ, ರೇತೆಶ್, ಮಾಡುವಾಗ ಒಂದು ಹನಿ ಹುಳಿ ಬಿದ್ದರೇ ಹಿಟ್ಟು ಹಟ ಬಿಟ್ಟು ಮೇಜಿನಗಲ ಹಾಳೆಯಾಗಿ ಹಿಗ್ಗುವುದು. "ಎಲ್ಲ ಹಟಮಾರಿಗಳಿಗೂ ಒಂದು ಹನಿ ಹುಳಿ ಬೇಕು. ನಿನಗೂ."

ಆದರೆ ಅವಳು ವಾರದಷ್ಟು ಕರಗಿಸಲಿಲ್ಲ. ಪುಡಿಯ ಸೀಸೆಯಲ್ಲಿದ್ದದ್ದನ್ನೆಲ್ಲ ಒಂದೇ ಸಲ ಲೋಟಕ್ಕೆ ಸುರಿದು ಕರಗಿಸಿ, ಪುಟ್ಟ ಕೊಳವೆಗಳಿಗೆ ಹಂಚಿ, ಫ್ರೀಜರಿನ ಬಾಗಿಲು ತೆರೆದಳು. ನಮ್ಮ ಕಡೆಯ ಯಾವ ಹೆಂಗಸಾದರೂ ಅದನ್ನೇ ಮಾಡುವಳು. ಬೇಸಿಗೆ ಮುಗಿಯುವುದರೊಳಗೆ ದಪ್ಪಮೆಣಸಿನಕಾಯಿ, ಟೊಮೆಟೊ, ಹುಳಿ ಚೆರ್ರಿ ಎಲ್ಲವನ್ನೂ ಡಬ್ಬಿಡಬ್ಬಿಯಾಗಿ ಹೆಪ್ಪುಗಟ್ಟಿಸಿ ವರ್ಷವೆಲ್ಲ ತಿನ್ನುವವರು ನಾವು. ಖಾಲಿ ಫ್ರೀಜರ್ ಇಟ್ಟುಕೊಂಡವಳನ್ನು ಸೋಮಾರಿ ಎನ್ನುತ್ತಾರೆ.

"ಗಿಜಿ, ಅದನ್ನ ಹೆಪ್ಪುಗಟ್ಟಿಸಬಾರದು," ಎಂದೆ. "ಆಂಬ್ರುಷಿಂದು ಒಂದ್ಸಲ ಹೆಪ್ಪುಗಟ್ಟಿ ಕೆಟ್ಟಿತ್ತು. ನರ್ಸು ಬೈದಿದ್ದಳು. ಫ್ರಿಜ್ಜಿನ ಬಾಗಿಲಲ್ಲಿಡು, ಮೊಟ್ಟೆ ಪಕ್ಕ."

"ನಿನ್ನ ಆಂಬ್ರುಷಿಂದು ಔಷಧಿ ಅಂಗಡೀದು. ಇದು ಪುಡಿ. ನಾನು ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡ್ತಾ ಇದ್ದೀನಿ, ನೀನು ಪಾತ್ರೆ ತೊಳೀತಾ ಇದ್ದೀಯ."

ನಾನು ಕೆಳಗಿನ ತೊಳೆಯುವ ಕೋಣೆಗೆ ಇಳಿದೆ. ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಖಾಲಿಯಾದ ಪುಡಿಯ ಸೀಸೆ ಉಳಿದ ಗಾಜಿನ ಜೊತೆ ತೊಳೆಯಲು ಬಂತು. ಆಂಬ್ರುಷನ ಸೀಸೆಗಳಷ್ಟೇ ಗಾತ್ರ, ಅಂಥದೇ ಮುಚ್ಚಳ. ನೀರಿಗೆ ಹಾಕಲು ಕೈ ಬರಲಿಲ್ಲ. ಹಳೆಯ ರೂಢಿ, ಮುಚ್ಚಳ ಬಿಗಿದು ನಮ್ಮ ಕೋಣೆಯ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟೆ.

ಎರಡನೆಯ ವಾರ ಬಿಂಬೋಳ ಗುಲಾಬಿ ನೀರು ಹಳದಿಗೆ ತಿರುಗುವುದನ್ನು ಬಿಟ್ಟಿತು. ಉಣ್ಣುತ್ತಿಲ್ಲ. ಕೋಶಗಳು ತಳ ಬಿಟ್ಟು, ಉಂಡೆಯಾಗಿ, ನೀರಿನಲ್ಲಿ ಧೂಳಿನ ಹಾಗೆ ತೇಲತೊಡಗಿದವು. ಮೊದಲು ಒಂದು ಸೀಸೆ, ಮತ್ತೆ ಎರಡು. ಗಿಜೆಲ್ಲಾ ಊಟದ ಹೊತ್ತಿಗೂ ಹೊರಗೆ ಬರಲಿಲ್ಲ. ಶುಭ ಶುಕ್ರವಾರ ಐದನೆಯದನ್ನು ತಾನೇ ನನ್ನ ಬಳಿ ತಂದಳು, ತೊಳೆಯಲು.

"ಇನ್ನೊಂದೇ ಉಳಿದಿದೆ," ಎಂದಳು. "ಅದರಲ್ಲೂ ಒಂದು ಮೂಲೇಲಿ ಮಾತ್ರ. ಕೊಳವೆ ಕರಗಿಸಿ ಬೆಳಕಿಗೆ ಹಿಡಿದೆ ಕಣೇ. ಒಳಗೆ ಎಳೆ ಎಳೆ ತೇಲ್ತಾ ಇದೆ. ಎಲ್ಲಾ ಕೊಳವೇಲೂ." ಸೀಸೆಯನ್ನು ತೊಟ್ಟಿಯ ಅಂಚಿನಲ್ಲಿಟ್ಟಳು. "ಅವತ್ತು ನೀನು ಏನು ಹೇಳಿದೆ? ಇನ್ನೊಂದ್ಸಲ ಹೇಳು."

ಹೇಳಬಹುದಿತ್ತು. ಪಾತ್ರೆ ತೊಳೆಯುವವಳಿಗೆ ಏನು ಗೊತ್ತು ಎನ್ನಬಹುದಿತ್ತು, ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದೆ. ಹಿಮದಲ್ಲಿ ಕೋಟಿನೊಳಗೆ ಸೀಸೆ ಒತ್ತಿಕೊಂಡು ಕೂತವಳ ಮುಖ ಹಾಗೇ ಇತ್ತೇನೋ. ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿನಿಂದ ಆ ಪುಟ್ಟ ಸೀಸೆ ತಂದು ಅವಳ ಅಂಗೈಯಲ್ಲಿಟ್ಟೆ.

"ತೊಳೆದಿಲ್ಲ," ಎಂದೆ.

ಅವಳು ಅದನ್ನು ಕಿಟಕಿಗೆ ಹಿಡಿದಳು. ಕುತ್ತಿಗೆಯ ಸುತ್ತ, ಮುಚ್ಚಳದ ಒಳಗೆ, ಕಿಟಕಿಯ ಗಾಜಿನ ಮೇಲೆ ಇಬ್ಬನಿ ಕಟ್ಟುವಂತೆ ಪುಡಿ ಅಂಟಿತ್ತು. ಎಲ್ಲ ಸೇರಿಸಿದರೆ ಒಂದು ಗಸಗಸೆ ಕಾಳಿನಷ್ಟು.

"ಒಂದು ಸೀಸೆ ಬಿಂಬೋಗೆ ಇಷ್ಟು ಸಾಕು. ಬೇಕಾದಷ್ಟಾಯ್ತು," ಎಂದಳು. ಆಮೇಲೆ ಮೂಗು ಒರೆಸಿಕೊಂಡು, "ತೊಳೆಯೋಕೂ ಸೋಮಾರಿ ನೀನು. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ," ಎಂದಳು.

ಜಾಮ್ ಮುಗಿದ ಸೀಸೆಗೆ ನೀರು ಹಾಕಿ ಕುಲುಕಿ ಕುಡಿಯುವುದೂ ನಮ್ಮ ಕಡೆಯ ರೂಢಿಯೇ. ಗಿಜೆಲ್ಲಾ ಹುಳಿನೀರು ಬಿಟ್ಟು ಸೀಸೆಯನ್ನು ಮೆಲ್ಲಗೆ ಓರೆ ಮಾಡಿ, ತಿರುಗಿಸಿ, ಮುಚ್ಚಳವನ್ನೂ ತೋಯಿಸಿದಳು. ನಾನು ಹೊಸ ಊಟದ ಗಾಜನ್ನು ಒಂಬತ್ತು ಸಲ ನೀರು ಬದಲಿಸಿ ತೊಳೆದು ಕೊಟ್ಟೆ. ಅವಳು ಸೋಸಿ, ಬೆರೆಸಿ, ಮಣಿಕಟ್ಟಿಗೆ ಒತ್ತಿ ನೋಡಿ ಉಣಿಸಿದಳು. ಉಳಿದದ್ದು ಫ್ರಿಜ್ಜಿನ ಬಾಗಿಲಿಗೆ ಹೋಯಿತು. ಶನಿವಾರ ಏನೂ ಆಗಲಿಲ್ಲ. ಭಾನುವಾರ ಅವಳು ಪೆಟ್ಟಿಗೆ ತೆರೆಯಲೇ ಇಲ್ಲ. ನೋಡಿದಷ್ಟೂ ಹೆದರುತ್ತಾಳೆ ಎಂದಳು, ಬಿಂಬೋಳನ್ನು ಕುರಿತು.

ಈಸ್ಟರ್ ಸೋಮವಾರ ಗಂಡಸರು ಹೆಂಗಸರ ತಲೆಗೆ ಅತ್ತರು ನೀರು ಚಿಮುಕಿಸುವ ದಿನ. ಹೂವು ಬಾಡದಿರಲಿ ಎಂದು. ಹೆಂಗಸರು ಬಣ್ಣದ ಮೊಟ್ಟೆ ಕೊಡಬೇಕು. ನಮ್ಮಿಬ್ಬರ ಮನೆಯಲ್ಲೂ ಚಿಮುಕಿಸುವವರು ಇರಲಿಲ್ಲ, ಗಿಜೆಲ್ಲಾ ಮದುವೆಯಾದವಳೇ ಅಲ್ಲ. ಬೆಳಿಗ್ಗೆಯೇ ಪ್ರಯೋಗಶಾಲೆಗೆ ಬಂದೆವು. ಕಟ್ಟಡ ಖಾಲಿ. ಉದ್ದನೆಯ ಪಡಸಾಲೆಯಲ್ಲಿ ಬಿಸಿಲು ಹಾಸಿಕೊಂಡಿತ್ತು, ನಮ್ಮ ಹೆಜ್ಜೆಯ ಸದ್ದು ನಮಗಿಂತ ಮುಂದೆ ಹೋಗುತ್ತಿತ್ತು.

ಅವಳು ಸೀಸೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ನಾನು ಬಾಗಿಲಲ್ಲಿ ನಿಂತೆ. ಅವಳು ತಿರುಪು ತಿರುಗಿಸುತ್ತಲೇ ಇದ್ದಳು. ಆ ಹೊತ್ತಿಗೇ ಬಾಗಿಲು ಕಾಯುವ ಬಾಲಿಂಟ್ ಮಾವ, ಎಪ್ಪತ್ತು ದಾಟಿದವನು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಅತ್ತರಿನ ಬಾಟಲಿ ಹಿಡಿದು ಬಂದ.

"ತೋಟದಲ್ಲೆರಡು ಮೊಗ್ಗು ಕಂಡೆ, ಬಾಡೋ ಹಾಗಿವೆ ಅಂತ ಬಂದೆ. ಚಿಮುಕಿಸಬಹುದಾ?" ಎಂದು ರಾಗ ಎಳೆದ.

"ಒಳಗೆ ಕಾಲಿಟ್ಟರೆ ನೋಡು ಮಾವ!" ಎಂದು ಗಿಜೆಲ್ಲಾ ತಲೆ ಎತ್ತದೆ ಕೂಗಿದಳು. "ನಿನ್ನ ಅತ್ತರಿಗೆ ಇಲಿಯೂ ಸಾಯುತ್ತೆ!"

"ನಲವತ್ತು ವರ್ಷದಿಂದ ಇದೇ ಅತ್ತರು. ಯಾವ ಹೆಂಗಸೂ ಸತ್ತಿಲ್ಲ."

"ಓಡಿಹೋಗಿದ್ದಾರೆ."

ಆಮೇಲೆ ಅವಳು ನನ್ನತ್ತ ಕೈ ಚಾಚಿದಳು. "ಬಾರೇ."

ನೋಡಿದೆ. ಮೂಲೆಯಲ್ಲುಳಿದಿದ್ದ ಕೋಶಗಳ ನಡುಗಡ್ಡೆ ಹರಡಿತ್ತು. ಅಂಚಿನಲ್ಲಿ ಅಲ್ಲಲ್ಲಿ ಎರಡೆರಡು ಉರುಟು ಹನಿಗಳು ಜೋಡಿಯಾಗಿ ಹೊಳೆಯುತ್ತಿದ್ದವು, ಒಂದು ಆಗಷ್ಟೇ ಎರಡಾಗಿ, ಇನ್ನೂ ಕೈಬಿಡದೆ ನಿಂತ ಹಾಗೆ. ಅವುಗಳ ಮೇಲೆ ತಿಳಿಗುಲಾಬಿ ನೀರು ಬೆಳಗಿನ ಆಕಾಶವಾಗಿತ್ತು. ಎಲ್ಲೋ ದೂರದಲ್ಲಿ ಹಸು ಮೆಲುಕು ಹಾಕುವ ಸದ್ದು ಕೇಳಿತು. ಕೇಳಿತು ಎಂದೇ ನಾನು ಇವತ್ತಿಗೂ ಹೇಳುತ್ತೇನೆ.

ತಲೆ ಎತ್ತಿದಾಗ ಗಿಜೆಲ್ಲಾ ಪಡಸಾಲೆಯಲ್ಲಿದ್ದಳು. ನೀಲಿ ತಲೆವಸ್ತ್ರ ಬಿಚ್ಚಿ, ನರೆಗೂದಲ ತಲೆ ಬಾಗಿಸಿ ನಿಂತಿದ್ದಳು. "ಈಗ ಹಾಕು ಮಾವ. ಜಿಪುಣತನ ಮಾಡಬೇಡ."

ಬಾಲಿಂಟ್ ಮಾವ ಬಾಟಲಿಯನ್ನೇ ಬಗ್ಗಿಸಿದ. ಅತ್ತರು ಅವಳ ಕಿವಿಯ ಹಿಂದಿನಿಂದ ಇಳಿಯಿತು. ನಗುತ್ತಿದ್ದವಳು ತಟ್ಟನೆ ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬಿಂಬೋಳನ್ನು ಪೆಟ್ಟಿಗೆಯ ಹೊರಗೆ ಬಿಟ್ಟು ಬಂದಿದ್ದಳು.

"ತೆರೇಜ್! ತಣ್ಣಗಾಗ್ತಾಳೆ! ನಾನು ಒಳಗೆ ಬರೋ ಹಾಗಿಲ್ಲ, ವಾಸನೆ! ನೀನೇ ಎತ್ಕೊಂಡು ಹೋಗು!"

ನಾನು ಆವರೆಗೆ ಮುಟ್ಟಿದ್ದ ಸೀಸೆಗಳೆಲ್ಲ ಸತ್ತವುಗಳೇ. ಇದು ಬೆಚ್ಚಗಿತ್ತು. ಎರಡು ಕೈಯಲ್ಲೂ ಹಿಡಿದು, ನೀರು ಅಲುಗದಂತೆ, ಆರು ಹೆಜ್ಜೆ ನಡೆದು ಪೆಟ್ಟಿಗೆಯೊಳಗೆ ಮಲಗಿಸಿದೆ. "ತಗೋ ನನ್ನಮ್ಮ," ಎಂದು ನನ್ನ ಬಾಯಿಂದಲೇ ಬಂತು.

ಡಾಕ್ಟರಿಗೆ ತಪ್ಪನ್ನು ಅವಳೇ ಹೇಳಿದಳು. ಅವರು ಬೈಯಲಿಲ್ಲ, ಹೊಸ ಪುಡಿ ತರಿಸಿದರು. ಗಿಜೆಲ್ಲಾ ಹೋಗಿ ಈಗ ಒಂಬತ್ತು ವರ್ಷ. ಬಿಂಬೋ ಈಗಲೂ ಮೂರು ಊರುಗಳ ಪ್ರಯೋಗಶಾಲೆಗಳಲ್ಲಿ ಬೆಚ್ಚಗೆ ಮಲಗಿದ್ದಾಳಂತೆ. ಆ ಫ್ರೀಜರಿನ ಬಾಗಿಲಿಗೆ ಗಿಜೆಲ್ಲಾ ಅಂಟಿಸಿದ ಚೀಟಿಯನ್ನು ನಾನು ಕೆಲಸ ಬಿಡುವವರೆಗೂ ಯಾರೂ ಕಿತ್ತಿರಲಿಲ್ಲ: ಇನ್ಸುಲಿನ್ ಇಲ್ಲಿ ಇಡಕೂಡದು. ಸಂದೇಹವಿದ್ದರೆ ಕೆಳಗೆ ಹೋಗಿ ತೆರೇಜಳನ್ನು ಕೇಳಿ.