ಸಾಫ್ಟ್‌ವೇರ್ ಪ್ರಕಾರ ರೇಣುಕಾಗೆ ಮಾತು ಬರುವುದಿಲ್ಲ

ಗೆಳೆಯರೇ, ಮರಾಠಿ ಸೀಮೆಗೆ ಸೇರಿದ ನಮ್ಮ ಉಮರ್ಗಾದ ಬಾಲವಾಡಿಯಲ್ಲಿ ಈಗ ಮಕ್ಕಳ ಬೆಳವಣಿಗೆಯನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ನಾವು ಬಾಯಿಗಳು, ಅಂದರೆ ಟೀಚರುಗಳು, ಮಗುವಿಗೆ ಪ್ರಶ್ನೆ ಕೇಳಿ ಉತ್ತರ ಒತ್ತಬೇಕು, ವರದಿ ನೇರವಾಗಿ ಪಾಲಕರ ಫೋನಿಗೆ ಹೋಗುತ್ತದೆ.

ಇವತ್ತು ಬೆಳಿಗ್ಗೆ ಪುಟ್ಟ ರೇಣುಕಾಳನ್ನು ಎತ್ತಿಕೊಂಡು ಅವಳ ತಾಯಿ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು. ಹಿಂದೆಯೇ ಅವಳ ಅತ್ತೆಯೂ ಬಂದಳು; ರೇಣುಕಾ ಈ ಅಜ್ಜಿಯನ್ನು ಆಯಿ ಎನ್ನುತ್ತಾಳೆ. ಮಗುವಿನ ಮಾತು ಬೆಳೆದಿಲ್ಲ, ಡಾಕ್ಟರಿಗೆ ತೋರಿಸಿ ಎಂದು ಫೋನಿಗೆ ಬಂದಿತ್ತಂತೆ.

"ನಮ್ಮ ಮನಿತನದಾಗ ಯಾರಿಗೂ ಹಿಂಗಿಲ್ರಿ ಬಾಯಿ. ಇಕಿ ತವರಿನ ಕಡಿಂದೇ ಬಂದದ" ಎಂದಳು ಅತ್ತೆ.

ನಿನ್ನೆ ಪ್ರಶ್ನೆ ಕೇಳಿದ್ದು ಇನ್ನೊಬ್ಬ ಬಾಯಿ, ಮರಾಠಿಯಲ್ಲಿ. ರೇಣುಕಾಳ ಮನೆಯಲ್ಲಿ ಬರೀ ಕನ್ನಡ. ನಾನು ಅದೇ ಬೆಕ್ಕಿನ ಚಿತ್ರ ತೋರಿಸಿ, "ಇದೇನವಾ?" ಎಂದೆ.

"ಬೆಕ್ಕ."

ತಾಯಿ ಉಸಿರು ಬಿಟ್ಟಳು. ಆದರೆ ಸಾಫ್ಟ್‌ವೇರಿಗೆ ಪೂರ್ತಿ ವಾಕ್ಯವೂ ಬೇಕು. "ಬೆಕ್ಕ ಏನ ಮಾಡ್ತದ?" ಎಂದು ಕೇಳಿದೆ.

"ಏನೂ ಮಾಡಂಗಿಲ್ಲ. ಹಾಲ ಆಯಿನೇ ಕುಡೀತಾಳ. ಅವ್ವಗ ಬೆಕ್ಕ ಕುಡದದ ಅಂತ ಹೇಳ್ತಾಳ."

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಗೋಡೆಯ ಮೇಲಿನ ವರ್ಣಮಾಲೆಯನ್ನು ನೋಡಿದಳು. "ಸಾಕ ಬಿಡ್ರಿ ಬಾಯಿ, ಪೋರಿಗಿ ಮಾತ ಬರ್ತಾವ" ಎಂದು ಎದ್ದಳು.

ನಾನು ವರದಿ ತಿದ್ದಿದೆ. ಅವರು ಬಾಗಿಲು ದಾಟುವ ಮೊದಲೇ ಸೊಸೆಯ ಫೋನಿಗೆ ಹೊಸ ಸಂದೇಶ ಬಂತು. ಅದರ ಮರಾಠಿಯನ್ನು ನಾನೇ ಕನ್ನಡದಲ್ಲಿ ಹೇಳಿದೆ: "ಅಭಿನಂದನೆಗಳು! ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳುವಂತೆ ಮಗುವನ್ನು ದಿನವೂ ಹುರಿದುಂಬಿಸಿ."

ಸೊಸೆಗೆ ಈಗ ಸಾಫ್ಟ್‌ವೇರ್ ಮೇಲೆ ಪೂರ್ತಿ ನಂಬಿಕೆ ಬಂದಿದೆ.