ಅಗಲ ಕಣ್ಣಿನ ಬಲೆ

ಬಂದರಿನ ಹಿಂದಿನ ಓಣಿಯಲ್ಲಿ ದೊಡ್ಡ ಸೊಸೆ ಹೆಣೆದ ಬಲೆಯೆಂದರೆ ಎರಡು ಮಾತಿರಲಿಲ್ಲ. ಕಿರುಬೆರಳೂ ತೂರದಷ್ಟು ಸಣ್ಣ ಕಣ್ಣು; ಒಳಗೆ ಬಿದ್ದದ್ದು ಹೊರಗೆ ಹೋದದ್ದೇ ಇಲ್ಲ. ದೋಣಿಯವರು ಅವಳ ಜಗಲಿಯಲ್ಲಿ ಕಾದು ಕೂರುತ್ತಿದ್ದರು. ಮೈದುನ ಮದುವೆಯಾಗಿ ಚಿಕ್ಕ ಸೊಸೆ ಬಂದ ಮೇಲೆ ಆ ಜಗಲಿ ಎರಡು ಪಾಲಾಯಿತು.

ಚಿಕ್ಕವಳು ತವರಿನಲ್ಲಿ ಕಲಿತದ್ದೇ ಬೇರೆ. ಬಲೆಯ ತುದಿಯಲ್ಲಿ ಮೀನು ಬಂದು ಸೇರುವ ಚೀಲಕ್ಕೆ ಅವಳು ಅಗಲವಾದ ಚೌಕ ಕಣ್ಣು ಹಾಕುತ್ತಿದ್ದಳು. "ಎಳೆದಾಗಲೂ ಈ ಕಣ್ಣು ಮುಚ್ಚಲ್ಲ. ಮರಿ ಹೊರಗೆ ಹೋಗುತ್ತೆ, ಬೆಳೆದದ್ದು ಉಳಿಯುತ್ತೆ" ಎನ್ನುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಮೀನು ಕಡಿಮೆಯಾಗುತ್ತಿದ್ದುದನ್ನು ಕಂಡಿದ್ದ ದೋಣಿಯವರು ಒಬ್ಬೊಬ್ಬರಾಗಿ ಅವಳ ಕಡೆ ಸರಿದರು. ದೊಡ್ಡವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅತ್ತೆ ಚಿಕ್ಕವಳನ್ನು ಹೊಗಳಿದ ದಿನ ಅವಳು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಒಂದು ಬೆಳಿಗ್ಗೆ ಸ್ವಂತ ಗಂಡನೇ ಆ ಬಲೆ ಹೊತ್ತು ಹೊರಟ.

"ನಿಮಗೂ ಅವಳ ಬಲೆಯೇ ಬೇಕಾಯ್ತಾ?"

"ನೋಡೋಣ ಕಣೇ, ಎಲ್ಲರೂ ಹೊಗಳ್ತಿದ್ದಾರೆ."

"ಅರ್ಧ ಮೀನು ಸಮುದ್ರಕ್ಕೇ ವಾಪಸ್! ತಡೀರಿ, ಎಷ್ಟು ಸೋರುತ್ತೆ ಅಂತ ಊರಿಗೇ ತೋರಿಸ್ತೀನಿ."

ತನ್ನ ಸಣ್ಣ ಕಣ್ಣಿನ ಬಲೆಯಿಂದ ದೊಡ್ಡದೊಂದು ಚೀಲ ಹೊಲಿದು, ವಾರಗಿತ್ತಿಯ ಚೀಲದ ಮೇಲೆ ಗವಸಿನಂತೆ ಸಡಿಲವಾಗಿ ತೊಡಿಸಿದಳು. ಒಳಗಿನಿಂದ ತಪ್ಪಿಸಿಕೊಂಡದ್ದೆಲ್ಲ ಹೊರಗಿನದರಲ್ಲಿ ಸಿಗಬೇಕು. ಬಿಚ್ಚದೆ ಹಾಗೇ ತನ್ನಿ ಎಂದು ಗಂಡನಿಗೆ ತಾಕೀತು ಮಾಡಿದಳು.

ದೋಣಿ ಮರಳುವ ಹೊತ್ತಿಗೆ ಓಣಿಯನ್ನೆಲ್ಲ ತಾನೇ ಕರೆದು ನಿಲ್ಲಿಸಿದ್ದಳು. ಮೊದಲು ಹೊರಚೀಲ ಬಿಚ್ಚಿದಳು. ಸುರಿದದ್ದು ಬರೀ ಬೆರಳುದ್ದದ ಮರಿಗಳು, ಬೆಳಕು ಹಾಯುವಷ್ಟು ತೆಳ್ಳಗಿನವು. ಒಳಚೀಲದಿಂದ ಅಂಗೈ ಮೀರಿದ ಮೀನುಗಳು ದಪದಪನೆ ಬಿದ್ದವು.

ಮೀನು ಮಾರುವ ಮುದುಕಿ ಮರಿಗಳನ್ನು ನೋಡಿ, "ಇವನ್ನ ಬುಟ್ಟಿಗೆ ಹಾಕ್ಲಾ, ತೊಟ್ಟಿಲಿಗೆ ಹಾಕ್ಲಾ?" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಚಿಕ್ಕವಳು ನಗಲಿಲ್ಲ. "ನಾನು ಬಾಯಲ್ಲಿ ಹೇಳ್ತಿದ್ದೆ, ಅಕ್ಕ ಕಣ್ಣಿಗೇ ತೋರಿಸಿದ್ರು" ಎಂದಳು. ಬೈದಿದ್ದರೆ ದೊಡ್ಡವಳು ತಿರುಗಿ ಬೈಯಬಹುದಿತ್ತು. ಆ ಒಳ್ಳೆಯ ಮಾತು ಗಾಯದ ಮೇಲೆ ಬರೆ ಎಳೆದಂತಾಯಿತು.

ಇನ್ನು ಮುಂದೆ ಎಲ್ಲ ದೋಣಿಗಳಿಗೂ ಅಗಲ ಕಣ್ಣಿನ ಚೀಲವೇ ಎಂದು ಮೀನುಗಾರರ ಸಂಘ ತೀರ್ಮಾನಿಸಿತು. ಅಷ್ಟು ಕೆಲಸ ಒಬ್ಬಳ ಕೈಯಲ್ಲಿ ಮುಗಿಯುವಂತಿರಲಿಲ್ಲ. ದೊಡ್ಡವಳು ಹಲ್ಲು ಕಚ್ಚಿಕೊಂಡು ವಾರಗಿತ್ತಿಯ ಪಕ್ಕ ಕುಳಿತು ಚೌಕ ಕಣ್ಣು ಕಟ್ಟುವುದನ್ನು ಕಲಿತಳು. ಬರಬರುತ್ತ ಅವಳ ಗಂಟೇ ಹೆಚ್ಚು ಬಿಗಿ ಎನಿಸಿಕೊಂಡಿತು. ವರ್ಷಗಳು ಕಳೆದಂತೆ ಮೀನೂ ಚೇತರಿಸಿಕೊಂಡಿತು. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಯಾರಾದರೂ "ಚಿಕ್ಕ ಸೊಸೆಯ ಬಲೆ" ಎಂದರೆ ಈಗಲೂ ಸೂಜಿ ಕೆಳಗಿಟ್ಟು, "ಯಾರ ಬಲೆ?" ಎಂದು ಕೇಳುತ್ತಾಳೆ.