ಕಾಲರ್‌ಗೆ ಮಾತ್ರ ಇಸ್ತ್ರಿ

ಇಸ್ತ್ರಿ ಅಂಗಡಿಯ ಚಿಕ್ಕಮ್ಮ ಎಂದರೆ ಬೀದಿಗೆಲ್ಲ ಗೊತ್ತು. ನಿಜಕ್ಕೂ ಆಕೆ ಚಿಕ್ಕಮ್ಮನಾಗಿದ್ದು ಅಕ್ಕನ ಮಗ ಒಬ್ಬನಿಗೇ. ಉಳಿದವರೆಲ್ಲ ಅವನ ಬಾಯಿಂದ ಕೇಳಿ ಹಾಗೆ ಕರೆಯಲು ಕಲಿತವರು. ಬೆಳಿಗ್ಗೆ ಬಾಗಿಲು ತೆರೆದು, ಮೇಜಿನ ಮೇಲೆ ಹಳೇ ಕಂಬಳಿ ಹಾಸಿ, ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದಳೆಂದರೆ ಹಬೆಯ ಜೊತೆಗೇ ಹಾಡೂ ಏಳುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆಕೆಯ ಹೊಟ್ಟೆ ಹೊರೆದದ್ದು ಅಂಗಡಿ, ನಿಜ. ಆದರೆ ಆಕೆಯನ್ನು ಬದುಕಿಸಿದ್ದು ಭಾನುವಾರ. ಚರ್ಚಿನ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಆಕೆಯೇ. ಮೊದಲ ಸಾಲು ಆಕೆಯದು, ಉಳಿದವರೆಲ್ಲ ಹಿಂದೆ. ವಾರವಿಡೀ ಊರವರ ಬಟ್ಟೆಯ ಸುಕ್ಕು ತೆಗೆಯುವವಳಿಗೆ ಆ ಒಂದು ಗಳಿಗೆ ಮಾತ್ರ ತನ್ನದು ಅನ್ನಿಸುತ್ತಿತ್ತು.

ಹೀಗಿರುವಾಗ ಪಾದ್ರಿಗಳಿಗೆ ವರ್ಗವಾಯಿತು. ಹೊಸಬರು ಬರುವವರೆಗೆ ಸಭೆ ನಡೆಸುವ ಕೆಲಸ ಅಕ್ಕನ ಮಗನ ಹೆಗಲಿಗೆ ಬಿತ್ತು. ಪೇಂಟ್ ಅಂಗಡಿಯಲ್ಲಿ ಕೆಲಸ ಮಾಡುವವನು, ಒಳ್ಳೆಯವನೇ. ಆದರೆ ಸಭೆಯ ಹಿರಿಯ ಎಂಬ ಪಟ್ಟ ಸಿಕ್ಕಿದ್ದೇ ತಡ, ಕೋಟು ಹೊಲಿಸಿದ, ಗಂಟಲು ದಪ್ಪ ಮಾಡಿದ. ಒಂದು ಭಾನುವಾರ ಬೈಬಲ್ ತೆರೆದು ಅಪೊಸ್ತಲನೊಬ್ಬ ಹಿಂದಿನ ಕಾಲದ ಒಂದು ಸಭೆಗೆ ಬರೆದ ಪತ್ರದಿಂದ ಒಂದೇ ಒಂದು ವಾಕ್ಯ ಓದಿದ. ಹೆಂಗಸರು ಸಭೆಯಲ್ಲಿ ಬಾಯಿ ಬಿಡಬಾರದು, ಏನಾದರೂ ತಿಳಿಯಬೇಕಿದ್ದರೆ ಮನೆಗೆ ಹೋಗಿ ಗಂಡನನ್ನು ಕೇಳಬೇಕು ಎಂದು ಅದರ ಸಾರ.

"ಬರೆದದ್ದು ಬರೆದ ಹಾಗೇ ನಡೀಬೇಕು. ಇನ್ಮೇಲೆ ಹಾಡು ಎತ್ತಿಕೊಡೋದು ಗಂಡಸರ ಕೆಲಸ," ಎಂದ. ಅದನ್ನೂ ಚಿಕ್ಕಮ್ಮನ ಮುಖ ನೋಡದೇ ಹೇಳಿದ, ಮಹಾರಾಯ!

ಆಕೆಗೆ ಅಳು ಬಂತು, ಸಿಟ್ಟು ಅದಕ್ಕಿಂತ ಮೊದಲೇ ಬಂದಿತ್ತು. ಮನೆಗೆ ಹೋದವಳೇ ಆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ ಸಭೆಯ ಹೆಂಗಸರಿಗೆಲ್ಲ ಹೇಳಿಕಳಿಸಿದಳು: "ಅಕ್ಷರ ತಪ್ಪದೆ ಪಾಲಿಸೋಣ ಕಣ್ರೇ. ಬಾಯಿಗೆ ಬೀಗ."

ಮುಂದಿನ ಭಾನುವಾರ ಪಾಲಿಸಿದ್ದೇ ಪಾಲಿಸಿದ್ದು. ಗಂಡಸರು ಹಾಡು ಎತ್ತಿದರು. ಒಬ್ಬ ಮೇಲೆ ಹೋದ, ಒಬ್ಬ ಕೆಳಗಿಳಿದ, ಇನ್ನೊಬ್ಬ ಸಾಲನ್ನೇ ಮರೆತ. ಪ್ರಾರ್ಥನೆ ಮುಗಿದರೆ 'ಆಮೆನ್' ಅನ್ನಲೂ ಹೆಂಗಸರ ಬೆಂಚಿನಿಂದ ಉಸಿರಿಲ್ಲ. ಕಾಣಿಕೆ ತಟ್ಟೆಯಿಡುವ ಕಪಾಟಿನ ಬೀಗದ ಕೈ ಎಲ್ಲಿ ಎಂದು ಹಿರಿಯ ಕೇಳಿದರೆ ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತಳು. ಪಾಪ, ಗಂಡಸರು ಸಭೆ ಮುಗಿಯುವವರೆಗೂ ಹುಡುಕಿದ್ದೇ ಬಂತು.

ಆ ವಾರದ ಶನಿವಾರ ಸಂಜೆ ಅಕ್ಕನ ಮಗ ತನ್ನ ಬಿಳಿ ಶರ್ಟಿಗಾಗಿ ಅಂಗಡಿಗೆ ಬಂದ. ಚಿಕ್ಕಮ್ಮ ಮಡಿಸಿದ ಶರ್ಟು ಮುಂದಿಟ್ಟಳು. ಕಾಲರ್ ರಟ್ಟಿನ ಹಾಗೆ ನೆಟ್ಟಗೆ ನಿಂತಿತ್ತು. ಬಿಡಿಸಿ ನೋಡಿದರೆ ಬೆನ್ನು, ತೋಳು ಎಲ್ಲ ಹಿಂಡಿ ಒಣಗಿಸಿದ ಹಾಗೇ ಮುದುರಿಕೊಂಡಿವೆ.

"ಇದೇನು ಚಿಕ್ಕಮ್ಮಾ, ಕಾಲರ್‌ಗೆ ಮಾತ್ರ ಇಸ್ತ್ರಿ ಹಾಕಿದ್ದೀಯಾ?"

"ಕೋಟು ಹಾಕ್ಕೊಂಡ್ರೆ ಕಾಣೋದು ಅಷ್ಟೇ ತಾನೇ?"

"ಓಹೋ, ಈಗ ಬಾಯಿ ಬಂತಾ?"

"ಇದು ಅಂಗಡಿ ಕಣೋ, ಸಭೆ ಅಲ್ಲ."

ಅವನಿಗೆ ರೇಗಿತು. "ವಾಕ್ಯದಲ್ಲಿ ಇದ್ದದ್ದನ್ನೇ ಓದಿದೆ. ನಾನೇನಾದ್ರೂ ಸೇರಿಸಿದ್ನಾ?"

"ಸೇರಿಸಲಿಲ್ಲ, ಬಿಟ್ಟೆ," ಎಂದಳು ಚಿಕ್ಕಮ್ಮ, ಪೆಟ್ಟಿಗೆ ಪಕ್ಕಕ್ಕಿಟ್ಟು. "ಗಂಡನ್ನ ಕೇಳು ಅಂತಿದೆ. ನನ್ನ ಗಂಡ ಮಣ್ಣಲ್ಲಿದ್ದಾನೆ, ಹೋಗಿ ಅಗೆದು ಕೇಳಲಾ? ಆ ಪತ್ರ ಹೋದ ಸಭೇಲಿ ಎಲ್ಲರೂ ಒಟ್ಟಿಗೇ ಬಾಯಿ ಮಾಡಿ ಸಂತೆ ಮಾಡ್ಕೊಂಡಿದ್ರು. ಅದಕ್ಕೇ ಒಬ್ಬ ಎದ್ರೆ ಇನ್ನೊಬ್ಬ ಸುಮ್ಮನಿರಲಿ ಅಂತ ಅದೇ ಪುಟದಲ್ಲಿದೆ. ಅದನ್ನ ಓದಿದ್ಯಾ? ಇನ್ನೂ ಕೆಲವು ಹಾಳೆ ಹಿಂದಕ್ಕೆ ತಿರುವು. ಹೆಂಗಸು ಪ್ರಾರ್ಥನೆ ಮಾಡೋವಾಗ, ದೇವರ ಮಾತು ಹೇಳೋವಾಗ ತಲೆಗೆ ಮುಸುಕು ಇರಲಿ ಅಂತ ಅದೇ ಕೈ ಬರೆದಿದೆ. ಬಾಯೇ ತೆರೀಬಾರದು ಅನ್ನೋನು ಮುಸುಕಿನ ಮಾತು ಯಾಕೆ ಎತ್ತುತ್ತಾನೋ?"

ಅವನು ಶರ್ಟನ್ನು ಮತ್ತೆ ಮಡಿಸತೊಡಗಿದ.

"ನಿನಗೆ ಅಕ್ಷರ ಬರೋ ಮೊದಲೇ ವಾಕ್ಯ ಬಾಯಿಪಾಠ ಮಾಡಿಸಿದ್ದು ಯಾರೋ? ನಮ್ಮ ಸಭೇಲೇ, ನಿನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು, ಇದೇ ಬಾಯಿ." ಆಕೆ ಪೆಟ್ಟಿಗೆ ಮತ್ತೆ ಎತ್ತಿಕೊಂಡಳು. "ಹಾಡೂ ಕಿತ್ಕೊಂಡ್ರೆ ನನಗೆ ಉಳಿಯೋದು ಈ ಹಬೆ ಒಂದೇ ಕಣಪ್ಪಾ."

ಅವನು ಶರ್ಟನ್ನು ಆಕೆಯತ್ತ ಸರಿಸಿದ. "ಉಳಿದದ್ದಕ್ಕೂ ಇಸ್ತ್ರಿ ಹಾಕಿಕೊಡು," ಎಂದ ಮೆಲ್ಲಗೆ.

"ಹಾಕಲ್ಲ. ಕೋಟು ಇದೆಯಲ್ಲ, ಹೋಗು."

ಮಾರನೇ ದಿನ ಅವನು ಕೋಟು ಹಾಕಿಕೊಂಡೇ ಬಂದ. ಅವತ್ತು ಒಂದು ವಾಕ್ಯ ಓದಿ ನಿಲ್ಲಿಸಲಿಲ್ಲ. ಆ ಪತ್ರದ ಹಿಂದಿನ ಹಾಳೆಗಳಿಂದ ಶುರುಮಾಡಿ, ಮುಸುಕಿನ ಮಾತು ದಾಟಿ, ಗದ್ದಲದ ಸಭೆಯ ಮಾತು ದಾಟಿ, ತಾನು ಹಿಡಿದುಕೊಂಡಿದ್ದ ವಾಕ್ಯದವರೆಗೆ ಒಂದೇ ಸಮನೆ ಓದಿದ. ಓದುತ್ತ ಓದುತ್ತ ದಪ್ಪ ಮಾಡಿಕೊಂಡಿದ್ದ ಗಂಟಲು ಸಣ್ಣಗಾಯಿತು. ಪುಸ್ತಕ ಮುಚ್ಚಿದ.

"ಮೊನ್ನೆ ನಾನು ಕಾಲರ್‌ಗೆ ಮಾತ್ರ ಇಸ್ತ್ರಿ ಹಾಕ್ಕೊಂಡು ನಿಮ್ಮ ಮುಂದೆ ನಿಂತಿದ್ದೆ," ಎಂದು ಕೋಟು ಕಳಚಿದ.

ಮುದುರಿದ ತೋಳು, ಮುದುರಿದ ಎದೆ, ಎಲ್ಲರ ಕಣ್ಣೂ ಅದರ ಮೇಲೆ. ಅವನು ಹೆಂಗಸರ ಬೆಂಚಿನ ಕಡೆ ತಿರುಗಿ, "ಎತ್ತಿಕೊಡು ಚಿಕ್ಕಮ್ಮಾ," ಎಂದ.

ಚಿಕ್ಕಮ್ಮ ಎದ್ದು ನಿಂತಳು. ಕಣ್ಣು ತುಂಬಿ ಬಂದಿತ್ತು. ಆದರೆ ಕಣ್ಣೀರಿನ ನಡುವೆಯೂ ಕಂಡದ್ದು ಆ ಶರ್ಟು. ಊರಿಗೆಲ್ಲ ಗೊತ್ತು ಅದು ಯಾರ ಅಂಗಡಿಯದೆಂದು.

"ಅಯ್ಯೋ, ಹಾಕ್ಕೊಳೋ ಕೋಟು! ನನ್ನ ಅಂಗಡಿ ಮರ್ಯಾದೆ ತೆಗೆದೆಯಲ್ಲೋ!"

ಸಭೆಯಲ್ಲಿ ಆಕೆ ಮತ್ತೆ ಬಾಯಿ ತೆರೆದು ಆಡಿದ ಮೊದಲ ಮಾತು ಇದು. ಬಿದ್ದು ಬಿದ್ದು ನಗುತ್ತಿದ್ದವರು ಸುಧಾರಿಸಿಕೊಳ್ಳುವ ಮೊದಲೇ ಚಿಕ್ಕಮ್ಮ ಹಾಡು ಎತ್ತಿಬಿಟ್ಟಳು.